ಎರಡು ಸೌಟು ಸಾಸ್

“ತಟ್ಟೆ ಮುಂದಕ್ಕೆ ತಳ್ಳಮ್ಮ, ಇನ್ನೊಂದು ಸೌಟು ಬಾಕಿ ಇದೆ,” ಅಂದರು ತಕ್ಕಡಿ ಸಾಹೇಬರು.

ಸೊಸೆ ತಟ್ಟೆ ತಳ್ಳಿದಳು. ಬ್ರೆಡ್ಡಿನ ಮೇಲೆ ಟೊಮೆಟೊ ಸಾಸ್ ಕೆಂಪಗೆ ಹರಡಿ ಅಂಚಿನವರೆಗೂ ಹರಿಯಿತು. ಸಾಹೇಬರು ಸೌಟನ್ನು ತಟ್ಟೆಯ ಅಂಚಿಗೆ ತಟ್ಟಿ, ಅಂಟಿಕೊಂಡಿದ್ದ ಕೊನೆಯ ಹನಿಯೂ ಬೀಳುವವರೆಗೆ ಕಾದರು. ಅಳತೆಯ ವಿಷಯ ಬಂದರೆ ಅವರು ಹನಿಯನ್ನೂ ಬಿಡುವವರಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಲಿಲ್ಲ.

ಸೊಸೆಗೆ ಏಳನೇ ತಿಂಗಳು. ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗಬೇಕು, ಅಷ್ಟು ಸಣ್ಣಗಿದ್ದಳು. ಹಿಂದಿನ ಸಲದ ಬಸಿರು ಅರ್ಧದಲ್ಲೇ ಹೋಗಿತ್ತು. ಹಾಗಾಗಿ ಈ ಸಲ ಮನೆಯವರೆಲ್ಲ ಉಸಿರು ಬಿಗಿಹಿಡಿದುಕೊಂಡೇ ದಿನ ದೂಡುತ್ತಿದ್ದರು. ಕಳೆದ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಹೊಟ್ಟೆಯ ಮೇಲೆ ಟೇಪು ಹಿಡಿದು, ತೂಕ ನೋಡಿ, ಪೆನ್ನು ಕೆಳಗಿಟ್ಟಿದ್ದರು. “ಮಗು ಬೆಳೀತಿರೋದು ಸಾಲ್ದು. ತಾಯಿ ತೂಕ ಏರ್ತಾನೇ ಇಲ್ಲ, ರಕ್ತಾನೂ ಕಮ್ಮಿ. ಮಾತ್ರೆ ಕೊಡ್ತೀನಿ, ಆದ್ರೆ ಬರೀ ಮಾತ್ರೆ ನುಂಗಿದ್ರೆ ಆಗಲ್ಲ, ಹೊಟ್ಟೆ ತುಂಬ ತಿನ್ಬೇಕು. ಕಾಳು ತಿನ್ಲಿ, ರಾಜ್ಮಾ ತಿನ್ಲಿ. ಮುಂದಿನ ತಿಂಗಳೂ ಹೀಗೇ ಇದ್ರೆ ಇಲ್ಲೇ ಭರ್ತಿ ಮಾಡಿಸ್ಬೇಕಾಗುತ್ತೆ,” ಅಂದಿದ್ದರು.

ದಾರಿಯಲ್ಲೇ ಒಂದು ಕಿಲೋ ರಾಜ್ಮಾ ತಂದು ಬೇಯಿಸಿ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಾಹೇಬರು ಯಾರ ಮಾತನ್ನೂ ತಾವೇ ತೂಗಿ ನೋಡದೆ ಒಪ್ಪಿಕೊಂಡವರಲ್ಲ, ಡಾಕ್ಟರಮ್ಮನದಾದರೂ ಅಷ್ಟೇ.

ತಲೆಗೂದಲು ನೆರೆಯುವವರೆಗೂ ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಹಿಡಿದು ಮಾರುಕಟ್ಟೆಗೆ ಕಾಲಿಟ್ಟರೆ ಸಾಕು, ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ತಕ್ಕಡಿ ತಟ್ಟೆಯ ಅಡಿಗೆ ಮೇಣ ಮೆತ್ತಿದವನು, ಲೀಟರ್ ಮಾಪಿನ ತಳವನ್ನು ಒಳಕ್ಕೆ ಗುದ್ದಿಸಿಟ್ಟುಕೊಂಡವನು, ಮೀಟರ್ ಕಡ್ಡಿಯ ತುದಿ ಉಜ್ಜಿದವನು, ಎಲ್ಲರೂ ಅವರ ಕೈಗೆ ಸಿಕ್ಕಿಬಿದ್ದವರೇ. ಯಾರ ಹತ್ತಿರವೂ ಒಂದು ಲೋಟ ಚಹಾ ಕೂಡ ಕುಡಿದವರಲ್ಲ. ತಕ್ಕಡಿ ಸಾಹೇಬರು ಎಂಬ ಹೆಸರು ಮಾರುಕಟ್ಟೆಯಲ್ಲಿ ಬೈಗುಳವಾಗಿ ಹುಟ್ಟಿ, ನಿವೃತ್ತಿಯ ಹೊತ್ತಿಗೆ ಬಿರುದಾಗಿ ಹೋಗಿತ್ತು. ತೊಂದರೆ ಏನಪ್ಪಾ ಅಂದರೆ, ಮನೆಯೊಳಗೂ ಅವರು ಇನ್ಸ್‌ಪೆಕ್ಟರೇ. ಹೆಂಡತಿ ಹಾಕುವ ಉಪ್ಪಿನಿಂದ ಹಿಡಿದು ಮಗ ಆರಿಸಿಕೊಂಡ ಕೆಲಸದವರೆಗೆ ಎಲ್ಲದರ ಮೇಲೂ ಅವರ ಮುದ್ರೆ ಬೀಳಬೇಕು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಪ್ಪನ ಎದುರು ವಾದ ಮಾಡುವುದಕ್ಕಿಂತ ಬಸ್ಸಿನ ಅಡಿ ಮಲಗುವುದು ವಾಸಿ ಅಂದುಕೊಂಡು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದ.

ಡಾಕ್ಟರಮ್ಮನ ಮಾತು ಪರೀಕ್ಷೆ ಮಾಡಲು ಸಾಹೇಬರು ಮೊಬೈಲ್ ಹಿಡಿದು ಕೂತರು. ಕನ್ನಡಕ ಹಣೆಗೇರಿಸಿ, ಇಳಿಸಿ, ಹುಡುಕಿ ಹುಡುಕಿ ಒಂದು ಪಟ್ಟಿ ಕಂಡುಹಿಡಿದರು. ಈ ಕಡೆ ಟೊಮೆಟೊ ಸಾಸ್, ಆ ಕಡೆ ರಾಜ್ಮಾ, ನಡುವೆ ಸಾಲು ಸಾಲಾಗಿ ಕಬ್ಬಿಣ, ವಿಟಮಿನ್ನು, ನಾರು, ಇನ್ನೂ ಏನೇನೋ. ಸಾಲು ಇಳಿದಂತೆ ಸಾಹೇಬರ ಮುಖ ಅರಳಿತು. ಕಬ್ಬಿಣದಲ್ಲಿ ಸಾಸೇ ಮುಂದೆ. ವಿಟಮಿನ್ನುಗಳಲ್ಲಿ ರಾಜ್ಮಾ ಹತ್ತಿರವೂ ಸುಳಿಯುವಂತಿಲ್ಲ. ಪ್ರೋಟೀನಿನಲ್ಲಿ ಮಾತ್ರ ರಾಜ್ಮಾ ಒಂದು ಕೂದಲಿನಷ್ಟು ಮುಂದಿತ್ತು, ಅದನ್ನು ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟರು.

“ನೋಡೇ ಇಲ್ಲಿ,” ಅಂತ ಹೆಂಡತಿಯನ್ನು ಕರೆದರು. “ಮೇಲೆ ಏನಂತ ಹಾಕಿದ್ದಾರೆ? ನೂರು ಕ್ಯಾಲೊರಿಗೆ ಅಂತ. ಅಂದ್ರೆ ಮೈಗೆ ಸಿಗೋ ಶಕ್ತಿ ಎರಡರದ್ದೂ ಸಮ ಇಟ್ಟು ಹೋಲಿಸಿದ್ದಾರೆ. ಇದು ಸರಿಯಾದ ತಕ್ಕಡಿ. ಗ್ರಾಮ್ ಲೆಕ್ಕದಲ್ಲಿ ಹೋಲಿಸೋದೆಲ್ಲ ಕಿರಾಣಿ ಅಂಗಡಿ ಬುದ್ಧಿ.”

“ಡಾಕ್ಟರ್ ರಾಜ್ಮಾ ಅಂದ್ರಲ್ಲ ರೀ,” ಅಂದರು ಹೆಂಡತಿ.

“ಡಾಕ್ಟರ್‌ಗೆ ಪುರುಸೊತ್ತೆಲ್ಲಿದೆ? ಬಾಯಿಗೆ ಬಂದಿದ್ದು ಹೇಳಿದ್ರು. ರಾಜ್ಮಾ ತಿಂದ್ರೆ ಹೊಟ್ಟೆ ಉಬ್ಬರ, ಬಸುರಿ ಹೆಂಗಸು ಅದನ್ನ ಹೊತ್ಕೊಂಡು ಒದ್ದಾಡ್ಬೇಕಾ?”

“ಸಾಸಲ್ಲಿ ಹೊಟ್ಟೆ ತುಂಬುತ್ತಾ?”

“ಹೊಟ್ಟೆ ತುಂಬೋಕೆ ನೀರು ಕುಡಿದ್ರೂ ತುಂಬುತ್ತೆ. ಬೇಕಾಗಿರೋದು ಸತ್ವ.”

ಹೆಂಡತಿ ಒಳಗೆ ಹೋದರು. ಮಾರನೇ ದಿನದಿಂದ ಅಡುಗೆಮನೆಯಲ್ಲಿ ಟೊಮೆಟೊ ರಾಶಿ ಬಿತ್ತು. ಅಂಗಡಿ ಬಾಟಲಿಯಲ್ಲಿ ಸಕ್ಕರೆ, ಉಪ್ಪು ಸುರಿದಿರುತ್ತಾರೆ ಅಂತ ಮನೆಯಲ್ಲೇ ಬೇಯಿಸಿ, ಸೋಸಿ, ಮಂದ ಮಾಡುವುದು. ಸಾಹೇಬರೇ ನಿಂತು ಮಾಡಿಸಿದರು. ಹೊತ್ತಿಗೆ ಎರಡು ಸೌಟು, ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬ್ರೆಡ್ಡು, ಅನ್ನ ಜಾಸ್ತಿ ತಿಂದರೆ ಸಾಸಿಗೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ ಅಂತ ಅವಕ್ಕೂ ಮಿತಿ ಹಾಕಿದರು. ಸೊಸೆ ಒಂದು ಮಾತು ಆಡದೆ ತಿಂದಳು. ಒಳ್ಳೆ ಹುಡುಗಿ ಅಂದುಕೊಂಡರು ಸಾಹೇಬರು. ಮಾತು ಕೇಳುವವರನ್ನೆಲ್ಲ ಅವರು ಒಳ್ಳೆಯವರು ಅಂದುಕೊಂಡೇ ಬಂದಿದ್ದರು.

ಮುಂದಿನ ಪರೀಕ್ಷೆಗೆ ಇನ್ನೇನು ಹೋಗಬೇಕು ಅನ್ನುವಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನ್ ನಿಂತು, ಬೆವರು ಕಿತ್ತುಕೊಂಡು ಬಂದು, ಸಾಹೇಬರಿಗೆ ಎಂದೂ ಇಲ್ಲದ ಹೊತ್ತಿನಲ್ಲಿ ಎಚ್ಚರವಾಯಿತು. ಮುಖ ತೊಳೆಯಲು ಬಚ್ಚಲುಮನೆಗೆ ಹೋದರು. ಅಲ್ಲಿನ ಕಿಟಕಿ ಹಿಂದುಗಡೆಯ ಬಟ್ಟೆ ಒಗೆಯುವ ಜಾಗಕ್ಕೆ ತೆರೆದಿತ್ತು. ಹೊರಗೆ ಮಾತು ಕೇಳಿಸಿತು.

ಸೊಸೆ ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು. ಹೆಂಡತಿ ಅಡುಗೆಮನೆಯ ಬಾಗಿಲ ಕಡೆ ಕಣ್ಣಿಟ್ಟು ಕಾವಲು ನಿಂತಿದ್ದರು, ಪಾಪ, ಗಂಡ ಬರುವ ದಾರಿ ಅದೊಂದೇ ಅಂದುಕೊಂಡು. ಒಗೆಯುವ ಬಟ್ಟೆಗಳ ಬುಟ್ಟಿ ಪಕ್ಕದಲ್ಲಿತ್ತು. ಅದರೊಳಗೆ, ಮಗನ ಗ್ರೀಸು ಹಿಡಿದ ಅಂಗಿಗಳ ನಡುವೆ, ಮುಚ್ಚಳ ತೆಗೆದ ಡಬ್ಬಿ. ಡಬ್ಬಿಯಲ್ಲಿ ಬೇಯಿಸಿದ ರಾಜ್ಮಾ. ಆ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಸಾಹೇಬರು ಎಲ್ಲದಕ್ಕೂ ಕೈ ಹಾಕುತ್ತಿದ್ದರು, ಕೊಳೆ ಬಟ್ಟೆಯನ್ನು ಮಾತ್ರ ಜನ್ಮದಲ್ಲಿ ಮುಟ್ಟಿದವರಲ್ಲ.

“ಗಬಗಬ ನುಂಗ್ಬೇಡ, ಅಗಿದು ತಿನ್ನು. ಅವರು ಏಳೋಕೆ ಇನ್ನೂ ಹೊತ್ತಿದೆ,” ಅಂದರು ಹೆಂಡತಿ.

“ಅತ್ತೆ, ಮಾವಂಗೆ ಹೇಳ್ಬಿಡೋಣ್ವಾ? ಕಳ್ಳತನ ಮಾಡ್ದಂಗೆ ಆಗುತ್ತೆ ನಂಗೆ.”

“ಏನಂತ ಹೇಳ್ತೀಯ? ನಿಮ್ಮ ಲೆಕ್ಕ ತಪ್ಪು ಅಂತಾನಾ? ನಾನು ಮದುವೆಯಾದ ಹೊಸದರಲ್ಲಿ ಒಂದು ಸಲ ಅಂದಿದ್ದೆ. ಒಂದು ತಿಂಗಳು ನನ್ನ ಜೊತೆ ಮಾತಾಡ್ಲಿಲ್ಲ. ಆಮೇಲೆ ಅನ್ನೋಕೆ ಹೋಗಿಲ್ಲ.”

ಸೊಸೆ ಇನ್ನೊಂದು ತುತ್ತು ಅಗಿದಳು. ಆಮೇಲೆ ಮೆಲ್ಲಗೆ ಅಂದಳು. “ನೀವು ಇದನ್ನ ಶುರು ಮಾಡೋಕೆ ಮುಂಚೆ ಹಸಿವಿಗೆ ನಿದ್ದೇನೇ ಬರ್ತಿರ್ಲಿಲ್ಲ ಅತ್ತೆ. ಹಸಿವು ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗ್ತಿತ್ತು.”

“ನಿನ್ನ ಹೊಟ್ಟೇಲಿರೋದಕ್ಕೆ ನಾಚಿಕೆ ಗೊತ್ತಿಲ್ಲ. ತಿನ್ನು.”

ಸಾಹೇಬರು ಮುಖ ತೊಳೆಯದೆ ವಾಪಸು ಬಂದು ಹಾಸಿಗೆ ಮೇಲೆ ಕೂತರು. ಮೊದಲು ಬಂದದ್ದು ಸಿಟ್ಟು. ಮೈಯೆಲ್ಲ ಉರಿಯಿತು. ಅನ್ನ ಹಾಕುವ ಮನೆಯಲ್ಲೇ ಮೋಸ, ಅದೂ ಕಟ್ಟಿಕೊಂಡ ಹೆಂಡತಿಯೇ ಮುಂದೆ ನಿಂತು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ತೂಗಿ ತೋರಿಸಿ, ತಪ್ಪು ಒಪ್ಪಿಸಬೇಕು ಅಂತ ತೀರ್ಮಾನ ಮಾಡಿದರು. ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಸಂಜೆ ಅತ್ತೆ ಸೊಸೆ ಅಡ್ಡಾಡಿಕೊಂಡು ಬರಲು ಹೊರಗೆ ಹೋದರು. ಸಾಹೇಬರು ಅಟ್ಟದಿಂದ ತಮ್ಮ ಹಳೆಯ ತಕ್ಕಡಿ ಇಳಿಸಿ, ಧೂಳು ಒರೆಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಮುಳ್ಳು ನಡುವಿಗೆ ನಿಂತಿತು. ಕೊಳೆ ಬಟ್ಟೆಯ ಬುಟ್ಟಿಗೆ ಕೈ ಹಾಕಿ ಡಬ್ಬಿ ತೆಗೆದರು. ತಳದಲ್ಲಿ ಇನ್ನೂ ರಾಜ್ಮಾ ಉಳಿದಿತ್ತು. ಪಟ್ಟಿ ನೋಡಿ ನೂರು ಕ್ಯಾಲೊರಿಯಷ್ಟು ರಾಜ್ಮಾ ತೂಗಿದರು. ಅಷ್ಟೇನಿಲ್ಲ, ಸಣ್ಣ ಬಟ್ಟಲಿನಲ್ಲಿ ಅರ್ಧಕ್ಕೆ ಬಂತು. ಬಾಯಿಗೆ ಹಾಕಿಕೊಂಡರೆ ನಾಲ್ಕು ಚಮಚಕ್ಕೆ ಮುಗಿಯುತ್ತದೆ.

ಆಮೇಲೆ ನೂರು ಕ್ಯಾಲೊರಿ ಸಾಸಿನ ತೂಕ ಪಟ್ಟಿಯಲ್ಲಿ ನೋಡಿ, ಅಷ್ಟು ಬಟ್ಟು ಒಂದು ತಟ್ಟೆಗೆ ಹಾಕಿ, ಸಾಸ್ ತೂಗಲು ಶುರು ಮಾಡಿದರು. ಎರಡು ಸೌಟು ಹಾಕಿದರು, ತಟ್ಟೆ ಅಲುಗಲಿಲ್ಲ. ಇನ್ನೆರಡು ಹಾಕಿದರು. ಬಟ್ಟಲು ತುಂಬಿತು, ದೊಡ್ಡ ಬಟ್ಟಲು ತಂದರು. ಅದೂ ತುಂಬುತ್ತಾ ಬಂತು. ಪಾತ್ರೆಯಲ್ಲಿದ್ದ ಅವತ್ತಿನ ಸಾಸಷ್ಟನ್ನೂ ಬಗ್ಗಿಸಿ, ಬೆರಳಲ್ಲಿ ಬಳಿದು ಹಾಕಿದರೂ ಬಟ್ಟು ಇದ್ದ ತಟ್ಟೆ ಮೇಲೇಳಲಿಲ್ಲ. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅಷ್ಟು ಸಾಸ್ ಕುಡಿದರೆ ಕಬ್ಬಿಣ ಜಾಸ್ತಿಯೇ. ಆದರೆ ಯಾವ ಮನುಷ್ಯ ಒಂದು ಊಟಕ್ಕೆ ಒಂದು ಪಾತ್ರೆ ಸಾಸ್ ಕುಡಿಯುತ್ತಾನೆ?

ಅವರು ಸೌಟು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು. ಎರಡು ಸೌಟಿನಲ್ಲಿ ಇದ್ದ ಶಕ್ತಿ ಎಷ್ಟು ಅಂತ ಲೆಕ್ಕ ಹಾಕುವುದಕ್ಕೆ ಮನಸ್ಸು ಹೋಯಿತು, ಲೆಕ್ಕ ಸಿಕ್ಕಿತು, ಸಿಕ್ಕಿದ್ದು ಬೇಡವಾಗಿತ್ತು. ಮೇಲಿಂದ ಅನ್ನಕ್ಕೆ, ಬ್ರೆಡ್ಡಿಗೆ ಬೇರೆ ಮಿತಿ. ಅವರು ಏಳು ತಿಂಗಳ ಬಸುರಿಯನ್ನು, ಎದುರಿಗೆ ಕೂರಿಸಿಕೊಂಡು, ಮಾತಾಡಿಸಿಕೊಂಡು, ಉಪವಾಸ ಕೆಡವಿದ್ದರು. ತಟ್ಟೆಯ ಅಡಿಗೆ ಮೇಣ ಮೆತ್ತಿ ಸಿಕ್ಕಿಬಿದ್ದವನೊಬ್ಬ ಹಿಂದೆ ಕಾಲು ಹಿಡಿದು ಅತ್ತಿದ್ದ. ಅವನಿಗೆ ತಾನು ಮಾಡುತ್ತಿರುವುದು ಏನು ಅಂತಲಾದರೂ ಗೊತ್ತಿತ್ತು. ಸಾಹೇಬರಿಗೆ ಕಿವಿ ಬಿಸಿಯಾಯಿತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಲೆ ಎತ್ತಲಾಗಲಿಲ್ಲ.

ಹೆಂಗಸರು ಬರುವುದರೊಳಗೆ ಅವರು ತಕ್ಕಡಿ ತೊಳೆದು ಅಟ್ಟಕ್ಕೇರಿಸಿದರು. ಸಾಸನ್ನು ಪಾತ್ರೆಗೆ ಸುರಿದರು. ಡಬ್ಬಿಯನ್ನು ಬುಟ್ಟಿಯಲ್ಲಿಟ್ಟು, ಅಂಗಿಗಳನ್ನು ಮೊದಲಿದ್ದಂತೆಯೇ ಮೇಲೆ ಹೊದಿಸಿದರು. ಅವರ ಜೀವಮಾನದಲ್ಲಿ ಸಾಕ್ಷ್ಯ ಮುಚ್ಚಿಟ್ಟದ್ದು ಅದೇ ಮೊದಲು.

ರಾತ್ರಿ ಊಟಕ್ಕೆ ಕೂತಾಗ ‘ನಂದು ತಪ್ಪಾಯ್ತು’ ಅನ್ನುವ ಮಾತು ಬಾಯಿಯ ತುದಿಯವರೆಗೂ ಬಂತು. ಅಲ್ಲಿಂದ ಆಚೆ ಬರಲಿಲ್ಲ. ಆ ಮಾತಿಗೆ ಅವರ ನಾಲಿಗೆ ಪಳಗಿರಲಿಲ್ಲ. ಕೊನೆಗೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, “ಇವತ್ತು ಸಾಸ್ ಬೇಡ ಅನ್ಸಿದ್ರೆ ಬಿಡಮ್ಮ. ದಿನಾ ಅದೇ ಅಂದ್ರೆ ಬೇಜಾರಾಗುತ್ತೆ,” ಅಂದರು.

ಸೊಸೆಯ ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದೆ ಅಂದುಕೊಂಡಳು. “ಇಲ್ಲ ಮಾವ, ಬೇಜಾರೇನಿಲ್ಲ. ಇಷ್ಟ ನಂಗೆ,” ಅಂದು ತಾನೇ ಸೌಟು ತೆಗೆದು ಎರಡರ ಬದಲು ಮೂರು ಹಾಕಿಕೊಂಡಳು. ಅಷ್ಟನ್ನೂ ಅವರ ಎದುರಿಗೇ ತಿಂದಳು. ಹೆಂಡತಿ, “ಬಣ್ಣ ಬಂದಿದೆ ನೋಡಿ ಮುಖದಲ್ಲಿ, ಎಲ್ಲ ನಿಮ್ಮ ಸಾಸಿಂದಾನೇ,” ಅಂದರು. ಸಾಹೇಬರು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರು.

ಆಸ್ಪತ್ರೆಗೆ ಹೋಗುವ ದಿನ ಅವರು ತಿಂಡಿ ಮುಟ್ಟದೆ ಹೊರಟರು. ಕದ್ದು ತಿಂದ ರಾಜ್ಮಾ ಸಾಲದೆ ಹೋದರೆ? ಮಗುವಿಗೆ ಏನಾದರೂ ಆದರೆ? ಬಸುರಿಯರು ಸಾಲಾಗಿ ಕೂತಿದ್ದ ಬೆಂಚುಗಳ ಎದುರಿಗೇ ತೂಕದ ಯಂತ್ರ ಇತ್ತು. ತೂಕ ನೋಡುವ ಆಯಮ್ಮ ಗಟ್ಟಿ ಗಂಟಲಿನವಳು, ಯಾರ ತೂಕ ಎಷ್ಟು ಅಂತ ಬೀದಿಗೂ ಕೇಳುವ ಹಾಗೆ ಕೂಗುತ್ತಿದ್ದಳು. ಸೊಸೆ ಚಪ್ಪಲಿ ಬಿಟ್ಟು ಹತ್ತಿದಳು. ಮುಳ್ಳು ಓಲಾಡಿ ನಿಂತಿತು.

“ಏರಿದೆ ಕಣಮ್ಮ, ಚೆನ್ನಾಗೇ ಏರಿದೆ,” ಅಂದಳು ಆಯಮ್ಮ.

ಒಳಗೆ ಡಾಕ್ಟರಮ್ಮನೂ ಟೇಪು ಹಿಡಿದು, ಮಗುವಿನ ಎದೆಬಡಿತ ಕೇಳಿ, “ಈಗ ಪರವಾಗಿಲ್ಲ. ರಕ್ತಾನೂ ಸ್ವಲ್ಪ ಏರಿದೆ. ಭರ್ತಿ ಬೇಡ. ಏನು ತಿಂತಿದ್ದೀಯೋ ಅದನ್ನೇ ಬಿಡದೆ ತಿನ್ನು,” ಅಂದು ಕಳಿಸಿದರು. ಹೊರಗೆ ಬಂದ ಕೂಡಲೇ ಸಾಹೇಬರು ಗೋಡೆಗೆ ಕೈ ಊರಿ ನಿಂತರು. ಸೊಸೆ ಕಣ್ಣು ಒರೆಸಿಕೊಂಡಳು. ಅಷ್ಟಕ್ಕೇ ಮನೆಗೆ ಹೊರಟಿದ್ದರೆ ಆಗಿತ್ತು.

“ಏನು ತಿನ್ಸಿದ್ರಿ ಅಮ್ಮ, ಇಷ್ಟು ಬೇಗ ಏರೋಕೆ?” ಅಂತ ಆಯಮ್ಮ ಹೆಂಡತಿಯನ್ನು ಕೇಳಿದಳು.

ಹೆಂಡತಿ ಗಂಡನ ಕಡೆ ನೋಡಿದರು. “ಇವರೇ ಸಾಸ್ ಮಾಡ್ಸಿ, ಅಳತೆ ಹಾಕಿ ಕೊಡ್ತಾರೆ. ರಾಜ್ಮಾಗಿಂತ ಅದರಲ್ಲೇ ಸತ್ವ ಜಾಸ್ತಿ ಅಂತೆ. ಎಲ್ಲ ಲೆಕ್ಕ ಹಾಕಿ ನೋಡಿದ್ದಾರೆ.”

“ಕೇಳ್ಸ್ಕೊಳ್ರಮ್ಮ ಎಲ್ಲರೂ. ಸೊಸೆಗೆ ಇಷ್ಟು ಮಾಡೋ ಮಾವ ಎಲ್ಲಿ ಸಿಗ್ತಾರೆ? ಬನ್ನಿ ಸಾರ್, ನೀವೇ ಹೇಳಿ ಇವರಿಗೆ.”

ಬೆಂಚಿನ ತುದಿಯಲ್ಲಿದ್ದ ಒಬ್ಬಳು ಎದ್ದು ಬಂದಳು. ಮೊಣಕೈ ಮೂಳೆ ಎದ್ದು ಕಾಣುವಷ್ಟು ತೆಳ್ಳಗಿದ್ದಳು. ಬಟ್ಟೆಯ ಮೇಲೆಲ್ಲ ನೂಲಿನ ಚೂರು ಅಂಟಿತ್ತು, ಹೊಲಿಗೆ ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ ನೇರ ಬಂದಂತಿತ್ತು. “ದಿನಕ್ಕೆ ಎಷ್ಟು ಸಾರ್?” ಅಂತ ಕೇಳಿದಳು.

“ಹೊತ್ತಿಗೆ ಎರಡು ಸೌಟು,” ಅಂದರು ಸಾಹೇಬರು. ಯೋಚಿಸಿ ಅಂದದ್ದಲ್ಲ. ಯಾರಾದರೂ ಅಳತೆ ಕೇಳಿದರೆ ಅಳತೆ ಹೇಳುವ ಬಾಯಿ ಅದು.

“ಎರಡು ಸೌಟು,” ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಅವಳ ಮುಖ ಹಗುರಾಯಿತು. “ಬಚಾವಾದೆ ಸಾರ್. ಇವರು ಕಾಳು ತಿನ್ನು ಕಾಳು ತಿನ್ನು ಅಂತಾರೆ. ಅದನ್ನ ನೆನೆ ಹಾಕಿ, ಬೇಯ್ಸಿ, ನಂಗೆಲ್ಲಿ ಹೊತ್ತಿದೆ? ಸಾಸ್ ಆದ್ರೆ ಬಾಟಲೀಲೇ ಸಿಗುತ್ತೆ. ಹಾಗಾದ್ರೆ ಕಾಳು ಬೇಡ ಅಲ್ವಾ?”

ಸಾಹೇಬರು ಸೊಸೆಯ ಕಡೆ ನೋಡಿದರು. ಸೊಸೆ ನೆಲ ನೋಡುತ್ತಿದ್ದಳು. ಹೆಂಡತಿಯ ಮುಖದಲ್ಲಿ ನಗು ಅಂಟಿಸಿದ ಹಾಗಿತ್ತು. ನೂಲಿನ ಚೂರಿನ ಹೆಂಗಸು ಉತ್ತರಕ್ಕೆ ಕಾಯುತ್ತಿದ್ದಳು.

“ಬೇಕು,” ಅಂದರು ಸಾಹೇಬರು. “ಕಾಳೇ ಬೇಕು. ನಾನು ಹೇಳಿದ್ದು ತಪ್ಪು. ಎರಡು ಸೌಟು ಸಾಸಲ್ಲಿ ಏನೂ ಇಲ್ಲಮ್ಮ.”

“ಮತ್ತೆ ಇವರಿಗೆ ತೂಕ ಏರಿದ್ದು?” ಅಂದಳು ಆಯಮ್ಮ.

“ರಾಜ್ಮಾದಿಂದ.”

ಹೆಂಡತಿ ತಟ್ಟನೆ ಮುಂದೆ ಬಂದರು. “ಇಲ್ಲಮ್ಮ, ಬೆಳಗಿಂದ ಏನೂ ತಿಂದಿಲ್ಲ ಇವರು, ಏನೋ ಹೇಳ್ತಿದ್ದಾರೆ. ನಮ್ಮನೇಲಿ ರಾಜ್ಮಾ ತರೋದೇ ಇಲ್ಲ. ಎಲ್ಲ ಇವರ ಸಾಸಿಂದಾನೇ. ರೀ, ಬನ್ನಿ ಹೋಗೋಣ.”

ಹೆಂಡತಿ ಅವರ ತೋಳು ಹಿಡಿದು ಬಾಗಿಲ ಕಡೆ ಎಳೆದರು. ಇಷ್ಟು ವರ್ಷ ಹೀಗೆ ಎಷ್ಟು ಸಲ ತಮ್ಮ ತಪ್ಪು ಮುಚ್ಚಿದ್ದರೋ, ಸಾಹೇಬರು ನೋಡಿರಲಿಲ್ಲ. ಅಷ್ಟು ಜನರ ಎದುರು, ಅವರ ಮಾನ ಉಳಿಸಲು, ಹೆಂಡತಿ ಅವರಿಗೇ ಸುಳ್ಳು ಹೇಳಿಕೊಡುತ್ತಿದ್ದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಸಾಹೇಬರಿಗೆ.

“ಇವಳು ಸುಳ್ಳು ಹೇಳ್ತಿದ್ದಾಳೆ,” ಅಂದರು. “ನನ್ನ ಮುಖ ಉಳಿಸೋಕೆ ಹೇಳ್ತಿದ್ದಾಳೆ. ಇವಳೇ ರಾಜ್ಮಾ ಬೇಯ್ಸಿ ಬಚ್ಚಿಟ್ಟು ಕೊಟ್ಟಿದ್ದು. ನಮ್ಮನೇಲಿ ಈ ಹುಡುಗಿ ನಂಗೆ ಹೆದರಿ, ಹಿಂದುಗಡೆ ಕೂತ್ಕೊಂಡು, ಕದ್ದು ತಿಂದಳು. ಬಸುರಿ ಹುಡುಗಿ. ನನ್ನ ಮಾತು ಕೇಳಿದ್ರೆ ಮಗು ಉಳೀತಿರ್ಲಿಲ್ಲ.”

ಬೆಂಚಿನ ಮೇಲೆ ಕೂತಿದ್ದವರಲ್ಲಿ ಯಾರೋ ಒಬ್ಬಳು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಆಯಮ್ಮ ಯಂತ್ರದ ಮೇಲಿನ ಧೂಳು ಒರೆಸತೊಡಗಿದಳು. ನೂಲಿನ ಚೂರಿನ ಹೆಂಗಸು ಮಾತ್ರ, “ಹಾಗಾದ್ರೆ ನೆನೆ ಹಾಕ್ಲೇಬೇಕು ಅನ್ನಿ,” ಅಂತ ನಿಟ್ಟುಸಿರು ಬಿಟ್ಟು ಹೋಗಿ ಕೂತಳು. ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಗ ಸಾಹೇಬರಿಗೆ ತಾವು ಆಡಿದ ‘ಕದ್ದು’ ಅನ್ನುವ ಮಾತು ಕಿವಿಗೆ ಬಿತ್ತು. ತಪ್ಪು ತಮ್ಮದು ಅಂತ ಹೇಳಲು ಹೋಗಿ, ಅವಳನ್ನು ಊರವರ ಮುಂದೆ ಕಳ್ಳಿ ಮಾಡಿಟ್ಟಿದ್ದರು.

ಬಸ್ಸಿನಲ್ಲಿ ಸೊಸೆ ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಇಳಿಯುವ ಸ್ಟಾಪು ಹತ್ತಿರ ಬಂದಾಗ ಹೆಂಡತಿ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ, “ಯಾವಾಗಿಂದ ಗೊತ್ತಿತ್ತು?” ಅಂದರು.

“ಮೊನ್ನೆಯಿಂದ.”

“ಮೊನ್ನೆಯಿಂದ ಮನೇಲಿ ನಾವು ಮೂರು ಜನ ಕೂತು ಊಟ ಮಾಡಿದ್ವಿ. ಅಲ್ಲಿ ಹೇಳೋಕಾಗ್ಲಿಲ್ಲ ನಿಮಗೆ. ಯಾರೋ ದಾರೀಲಿ ಹೋಗೋರ ಮುಂದೆ ಹೇಳೋಕಾಯ್ತು.”

“ಮನೇಲಿ ನಾಚಿಕೆ ಆಯ್ತು ಕಣೇ,” ಅಂದರು ಸಾಹೇಬರು.

ಹೆಂಡತಿ ಬಸ್ಸು ನಿಂತಾಗ ಸೊಸೆಯ ಕೈ ಹಿಡಿದು ಇಳಿಸಿಕೊಂಡು ಮುಂದೆ ನಡೆದರು.

ಅವತ್ತು ಸಂಜೆ ಸಾಹೇಬರು ಮನೆಯಲ್ಲಿ ಇರುವಾಗಲೇ ಕುಕ್ಕರ್ ಕೂಗಿತು. ಈರುಳ್ಳಿ, ಬೆಳ್ಳುಳ್ಳಿ ಹುರಿದ ವಾಸನೆ ಮುಂದಿನ ಕೋಣೆಯವರೆಗೂ ಬಂತು. ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದ ಸದ್ದಾಯಿತು. ಇದೇ ಹೊತ್ತು ಅಂದುಕೊಂಡರು ಸಾಹೇಬರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಸರಿ ಮಾಡಿಕೊಂಡರು. ‘ಹೊಟ್ಟೆ ತುಂಬ ತಿನ್ನು ತಾಯಿ, ನಂದು ತಪ್ಪಾಯ್ತು.’ ಇಷ್ಟೇ. ಇದಕ್ಕಿಂತ ಒಂದು ಪದ ಜಾಸ್ತಿ ಬೇಡ. ಎದ್ದು ಒಳಗೆ ನಡೆದರು.

ಸೊಸೆ ಊಟದ ಮೇಜಿನ ಮುಂದೆ ಕೂತಿದ್ದಳು. ಅವರ ಹೆಜ್ಜೆ ಬಾಗಿಲಿಗೆ ಬಂದದ್ದೇ ತಡ, ಅವಳ ಕೈ ತಾನಾಗಿಯೇ ಬಟ್ಟಲನ್ನು ನೀರಿನ ಜಗ್ಗಿನ ಹಿಂದಕ್ಕೆ ಸರಿಸಿತು. ಅವಳು ಎದ್ದು ನಿಂತಳು. ಕೆನ್ನೆ ಉಬ್ಬಿತ್ತು. ಬಾಯಿ ತುಂಬ ತುತ್ತಿತ್ತು, ಅದನ್ನು ಅವಳು ಅಗಿಯಲಿಲ್ಲ, ನುಂಗಲಿಲ್ಲ, ಹಾಗೇ ಹಿಡಿದುಕೊಂಡು ಅವರನ್ನೇ ನೋಡಿದಳು.

“ಕೂತ್ಕೊ ತಾಯಿ,” ಅಂದರು ಸಾಹೇಬರು. ಅದಕ್ಕಿಂತ ಹೆಚ್ಚು ಬರಲಿಲ್ಲ.

ಅವಳು ಕೂತಳು. ಕೈ ಮಾತ್ರ ಬಟ್ಟಲಿನ ಹತ್ತಿರ ಹೋಗಲಿಲ್ಲ. ಸಾಹೇಬರು ತಿರುಗಿ ಮುಂದಿನ ಕೋಣೆ ದಾಟಿ, ಹೊರಬಾಗಿಲಿಗೆ ಬಂದು, ಬೀದಿಯ ಕಡೆ ಮುಖ ಮಾಡಿ ನಿಂತರು. ಎದುರು ಮನೆಯವರು ಸೈಕಲ್ ಒಳಗಿಟ್ಟು ಗೇಟು ಹಾಕಿಕೊಂಡರು. ಬೀದಿ ದೀಪ ಹತ್ತಿತು. ಸಾಹೇಬರು ಕದಲದೆ, ಕಿವಿಯನ್ನೆಲ್ಲ ಮನೆಯ ಒಳಗಿಟ್ಟು ಕಾದರು. ಬಹಳ ಹೊತ್ತಾದ ಮೇಲೆ ಒಳಗೆ ಚಮಚ ಬಟ್ಟಲಿಗೆ ತಾಗಿದ ಸದ್ದು ಕೇಳಿಸಿತು.